ಮೊದಲು ಸರಣಿ, ಆಮೇಲೆ ಹೆಸರು: ವಿಲಿಸ್ಕಾ ಮತ್ತು ಆಸುಪಾಸಿನ ಕುಟುಂಬ ಹತ್ಯೆಗಳನ್ನು ಜೋಡಿಸುವುದು ಹೇಗೆ

ಒಂದು ದೀಪದಿಂದ ಶುರು ಮಾಡೋಣ. 1912ರ ಜೂನ್ 10, ಸೋಮವಾರ. ಅಮೆರಿಕದ ಅಯೋವಾ ರಾಜ್ಯದ ವಿಲಿಸ್ಕಾ ಎಂಬ ಸಣ್ಣ ಊರು. ಬೆಳಿಗ್ಗೆ ಏಳರ ಹೊತ್ತಾದರೂ ಮೂರ್ ಕುಟುಂಬದವರು ಯಾರೂ ಹೊರಗೆ ಬಂದಿಲ್ಲ ಎಂದು ಪಕ್ಕದ ಮನೆಯ ಮೇರಿ ಪೆಕ್‌ಹ್ಯಾಮ್ ಗಮನಿಸಿದರು. ಬಾಗಿಲಿಗೆ ಒಳಗಿನಿಂದ ಬೀಗ ಬಿದ್ದಿತ್ತು. ಅವರು ಕೋಳಿಗಳನ್ನು ಹೊರಗೆ ಬಿಟ್ಟು, ಮನೆಯ ಯಜಮಾನ ಜೊಸಾಯಾ ಮೂರ್ ಅವರ ತಮ್ಮ ರಾಸ್‌ಗೆ ಹೇಳಿಕಳಿಸಿದರು. ರಾಸ್ ಬಾಗಿಲು ತೆಗೆದು ನೋಡಿದಾಗ ಮನೆಯಲ್ಲಿ ಎಂಟು ಹೆಣಗಳಿದ್ದವು: ಜೊಸಾಯಾ, ಹೆಂಡತಿ ಸಾರಾ, ಅವರ ನಾಲ್ಕು ಮಕ್ಕಳು, ಮತ್ತು ಹಿಂದಿನ ರಾತ್ರಿ ಚರ್ಚಿನ ಮಕ್ಕಳ ಕಾರ್ಯಕ್ರಮ ಮುಗಿಸಿ ಅಲ್ಲೇ ಮಲಗಿದ್ದ ಸ್ಟಿಲಿಂಗರ್ ಮನೆಯ ಇಬ್ಬರು ಹುಡುಗಿಯರು. ಕೊಡಲಿ ಜೊಸಾಯಾ ಅವರದ್ದೇ. ಅವರ ಹಾಸಿಗೆಯ ಕಾಲುದೆಸೆಯಲ್ಲಿ ಒಂದು ಸೀಮೆಎಣ್ಣೆ ದೀಪ ಇತ್ತು. ಗಾಜಿನ ಬುರುಡೆ ತೆಗೆದು ಪಕ್ಕಕ್ಕಿಟ್ಟಿದ್ದರು, ಬತ್ತಿ ಇಳಿಸಿದ್ದರು.

ಈ ದೀಪವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬುರುಡೆ ಇದ್ದರೆ ಅದರೊಳಗೆ ಗಾಳಿ ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ, ಉರಿ ನೆಟ್ಟಗೆ ನಿಂತು ಬೆಳಕು ಕೋಣೆ ತುಂಬುತ್ತದೆ. ಬುರುಡೆ ತೆಗೆದು ಬತ್ತಿ ಇಳಿಸಿದರೆ ಉಳಿಯುವುದು ಮಂಕಾದ, ಹೊಗೆಯಾಡುವ ಒಂದು ಚೂರು ಉರಿ. ಅದರಲ್ಲಿ ಓದಲಾಗದು, ಮನೆಕೆಲಸ ಮಾಡಲಾಗದು. ಆದರೆ ಮಲಗಿದವರು ಎಚ್ಚರಗೊಳ್ಳದಂತೆ ಕೋಣೆಯಿಂದ ಕೋಣೆಗೆ ಹೋಗಲು ಅಷ್ಟು ಬೆಳಕು ಸಾಕು. ಅಂದರೆ ಮನೆಯವರು ಯಾರೂ ತಮ್ಮ ದೀಪವನ್ನು ಹಾಗೆ ಇಟ್ಟುಕೊಳ್ಳುವುದಿಲ್ಲ. ಎಂಟು ತಿಂಗಳ ಹಿಂದೆ ಕ್ಯಾನ್ಸಸ್‌ನ ಎಲ್ಸ್‌ವರ್ತ್‌ನಲ್ಲಿ ಐವರು ಸತ್ತ ಶೋಮನ್ ಮನೆಯಲ್ಲೂ ಬುರುಡೆ ತೆಗೆದ ದೀಪ ಸಿಕ್ಕಿತ್ತು. ಇವತ್ತಿನ ಮಾತೆಲ್ಲ ಇದರ ಬಗ್ಗೆಯೇ: ಇಂಥ ಎರಡು ದೀಪಗಳನ್ನು ಒಂದೇ ಕೈ ಇಳಿಸಿತು ಎಂದು ನಾವು ಯಾವಾಗ ಹೇಳಬಹುದು?

ಇಲ್ಲಿ ಎರಡು ಪ್ರಶ್ನೆಗಳಿವೆ. ಅವುಗಳನ್ನು ಬೆರೆಸಿದ ಕಡೆಯಲ್ಲೆಲ್ಲ ತನಿಖೆ ದಾರಿ ತಪ್ಪಿದೆ. ಮೊದಲನೆಯದು, ಈ ಕೊಲೆಗಳು ಒಂದೇ ಸರಣಿಯವೇ? ಎರಡನೆಯದು, ಆ ಸರಣಿಯ ಹಂತಕ ಇಂಥವನೇ? ಎರಡನೆಯ ಪ್ರಶ್ನೆ ಮೊದಲು ಕೇಳಿದರೆ ಏನಾಗುತ್ತದೆ ಗೊತ್ತೇ? ಶಂಕಿತ ಓಡಾಡಿದ ಊರುಗಳ ಕೊಲೆಗಳೆಲ್ಲ ಸರಣಿಯೊಳಕ್ಕೆ ಬರುತ್ತವೆ, ಅವನು ಇರದ ಊರಿನವು ತಾವಾಗಿ ಉದುರಿಹೋಗುತ್ತವೆ. ಕೊನೆಗೆ ನಕ್ಷೆ ನೋಡಿದರೆ ಎಲ್ಲವೂ ಅವನತ್ತಲೇ ಬೆರಳು ತೋರಿಸುತ್ತದೆ. ತೋರಿಸದೆ ಇನ್ನೇನು, ನಕ್ಷೆ ಬರೆದದ್ದೇ ಅವನ ಹೆಸರು ಹಿಡಿದುಕೊಂಡು.

ಈಗ ಸರಣಿ ಎನ್ನುವುದರ ತಿರುಳು ಯಾವುದು ನೋಡೋಣ. 1911ರ ಸೆಪ್ಟೆಂಬರ್ 17, ಕೊಲರಾಡೋ ಸ್ಪ್ರಿಂಗ್ಸ್. ಅಕ್ಕಪಕ್ಕದ ಎರಡು ಮನೆಗಳಲ್ಲಿ ವೇಯ್ನ್ ಮತ್ತು ಬರ್ನಮ್ ಕುಟುಂಬಗಳ ಆರು ಜನ. ಸೆಪ್ಟೆಂಬರ್ 30ರ ರಾತ್ರಿ, ಇಲಿನಾಯ್‌ನ ಮನ್ಮತ್. ಡಾಸನ್ ಕುಟುಂಬದ ಮೂವರು. ಅಕ್ಟೋಬರ್ 15, ಎಲ್ಸ್‌ವರ್ತ್, ಐವರು. 1912ರ ಜೂನ್ 5, ಕ್ಯಾನ್ಸಸ್‌ನ ಪಾವೋಲಾ. ಹಡ್ಸನ್ ದಂಪತಿ. ನಾಲ್ಕು ದಿನ ಬಿಟ್ಟು ವಿಲಿಸ್ಕಾ, ಎಂಟು ಜನ. ಒಟ್ಟು 24. ಇವನ್ನೆಲ್ಲ ಒಟ್ಟಿಗೆ ಸೇರಿಸಿ ಒಬ್ಬನದೇ ಕೆಲಸ ಎಂದು 1913ರಲ್ಲಿ ಬಹಿರಂಗವಾಗಿ ಹೇಳಿದವರು ಫೆಡರಲ್ ಅಧಿಕಾರಿ ಎಂ. ಡಬ್ಲ್ಯೂ. ಮೆಕ್ಲಾಫ್ರಿ.

ಈ ಪಟ್ಟಿಯನ್ನು ಕೇಳಿದ ಕೂಡಲೇ ಮನಸ್ಸು ಸಮಾನ ಅಂಶ ಎಣಿಸತೊಡಗುತ್ತದೆ. ರಾತ್ರಿ, ಮಲಗಿದ್ದವರು, ಕೊಡಲಿ, ಹತ್ತಿರದಲ್ಲಿ ರೈಲು ಹಳಿ, ಹಣ ಮುಟ್ಟಿಲ್ಲ. ಐದಕ್ಕೆ ಐದು ಎನ್ನುತ್ತೇವೆ. ಆದರೆ ಎಣಿಕೆಯಿಂದ ಇಲ್ಲಿ ಏನೂ ಹುಟ್ಟುವುದಿಲ್ಲ, ಪ್ರತಿಯೊಂದು ಅಂಶ ಎಷ್ಟು ಅಪರೂಪದ್ದು ಎಂದು ತೂಗಬೇಕು. ಸೌದೆ ಒಲೆಯ ಕಾಲದಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಒಂದು ಕೊಡಲಿ ಸೌದೆ ರಾಶಿಗೆ ಒರಗಿಕೊಂಡಿರುತ್ತಿತ್ತು. ಆಯುಧ ತರದೆ ಬಂದವನ ಕೈಗೆ ಮೊದಲು ಸಿಗುವುದೇ ಅದು. ಇಡೀ ಕುಟುಂಬವನ್ನು ಒಬ್ಬನೇ ಕೊಲ್ಲಬೇಕಾದರೆ ಅವರು ನಿದ್ರೆಯಲ್ಲಿರಬೇಕು, ಹಾಗಾಗಿ ರಾತ್ರಿ ಎನ್ನುವುದೂ ಬೇರೆಯ ಸುಳಿವಲ್ಲ. ಅಮೆರಿಕದ ಮಧ್ಯಭಾಗದ ಊರುಗಳು ಹುಟ್ಟಿದ್ದೇ ಹಳಿಯ ಪಕ್ಕ, ಹಾಗಾಗಿ ‘ರೈಲಿಗೆ ಹತ್ತಿರ’ ಎಂಬ ಮಾತು ಅಲ್ಲಿನ ಹೆಚ್ಚಿನ ಮನೆಗಳಿಗೆ ಸಲ್ಲುತ್ತದೆ.

ಒಂದು ಲೆಕ್ಕ ಹಾಕೋಣ. ಇದು ವಿವರಣೆಗಾಗಿ ಮಾತ್ರ, ನಿಜವಾದ ಅಂಕಿಗಳಲ್ಲ. ಅದೇ ಕಾಲದ, ಹಂತಕ ಯಾರೆಂದು ಸಾಬೀತಾದ 40 ಕುಟುಂಬ ಹತ್ಯೆಗಳನ್ನು ತೆಗೆದುಕೊಂಡಿದ್ದೀರಿ ಎನ್ನಿ. ಅವುಗಳಲ್ಲಿ 30ರಲ್ಲಿ ಕೊಡಲಿ ಅದೇ ಮನೆಯದ್ದು. ಹಾಗಿದ್ದರೆ ಎರಡು ಬಿಡಿಸದ ಪ್ರಕರಣಗಳಲ್ಲಿ ಮನೆಯ ಕೊಡಲಿಯೇ ಬಳಕೆಯಾಗಿದೆ ಎಂಬುದು ನಂಟಿನ ಸಾಧ್ಯತೆಗೆ ಹೆಚ್ಚೆಂದರೆ ಇಷ್ಟೇ ಬಲ ಕೊಡುತ್ತದೆ: 40 ಭಾಗಿಸು 30, ಅಂದರೆ 1.33 ಪಟ್ಟು. ಬುರುಡೆ ತೆಗೆದ ದೀಪ 40ರಲ್ಲಿ 2ರಲ್ಲಿ ಮಾತ್ರ ಇದ್ದರೆ ಅದೇ ಬಲ 20 ಪಟ್ಟು. ಒಂದು ದೀಪದ ಮುಂದೆ ಹತ್ತು ಕೊಡಲಿಗಳ ಹೋಲಿಕೆ ಹಗುರ ಎನ್ನುವುದು ಇದಕ್ಕೇ.

ಆದರೆ ಈ 20ಕ್ಕೂ ಮೋಸಹೋಗಬೇಡಿ. ನೀವು ಬಿಡಿಸದ 100 ಪ್ರಕರಣ ಜಾಲಾಡಿದ್ದೀರಿ, ಆ ಲಕ್ಷಣ ಶೇ. 5ರಷ್ಟು ಪ್ರಕರಣಗಳಲ್ಲಿ ಸುಮ್ಮನೆ ಕಾಣಿಸಿಕೊಳ್ಳುವಂಥದ್ದು ಎಂದುಕೊಳ್ಳಿ. ಹಾಗಾದರೆ ಯಾವ ಸರಣಿಯೂ ಇಲ್ಲದೆಯೇ 5 ಪ್ರಕರಣ ಸಿಗುತ್ತವೆ. ಐದರಿಂದ 10 ಜೋಡಿ ಆಗುತ್ತದೆ. ಹತ್ತು ‘ಬೆರಗುಗೊಳಿಸುವ ಹೋಲಿಕೆ’ಗಳು ಬರಿಯ ಆಕಸ್ಮಿಕದಿಂದಲೇ ಹುಟ್ಟಿದವು! ಆದ್ದರಿಂದ ಒಂದು ಅಪರೂಪದ ಲಕ್ಷಣ ಸಾಲದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಬೇಕು. ‘ಸಂಬಂಧವಿಲ್ಲದ’ ಎಂಬ ಪದ ಮುಖ್ಯ. ದೀಪ ಮಂಕು ಮಾಡುವುದು, ಕಿಟಕಿಗೆ ಬಟ್ಟೆ ಎಳೆಯುವುದು ಎರಡೂ ಹೊರಗಿನವರ ಕಣ್ಣು ತಪ್ಪಿಸುವ ಒಂದೇ ಉದ್ದೇಶದಿಂದ ಬಂದಿರಬಹುದು. ಅವನ್ನು 20 ಗುಣಿಸು 20 ಎಂದು 400 ಮಾಡಿದರೆ ಒಂದೇ ನಾಣ್ಯವನ್ನು ಎರಡು ಸಲ ಎಣಿಸಿದಂತೆ.

ಹಾಗಾದರೆ ತೂಕವಿರುವುದು ಯಾವುದಕ್ಕೆ? ಕೊಲ್ಲಲು ಅಗತ್ಯವೇ ಇಲ್ಲದ, ಆದರೂ ಮಾಡಿದ ಕೆಲಸಗಳಿಗೆ. ವಿಲಿಸ್ಕಾದಲ್ಲಿ ಸತ್ತವರ ಮುಖಗಳನ್ನು ಬಟ್ಟೆಯಿಂದ ಮುಚ್ಚಿದ್ದರು, ಕನ್ನಡಿಗಳ ಮೇಲೂ ಬಟ್ಟೆ ಹೊದಿಸಿದ್ದರು. ಎಲ್ಸ್‌ವರ್ತ್‌ನಲ್ಲಿ ಟೆಲಿಫೋನಿನ ಮೇಲೆ ಬಟ್ಟೆ ಹೊದಿಸಿತ್ತು. ಕನ್ನಡಿ ಮತ್ತು ಟೆಲಿಫೋನು ಒಂದೇ ಎಂದು ಹೇಳಿಬಿಡಬಹುದೇ? ಇಲ್ಲಿ ಜಾಗ್ರತೆ ಬೇಕು. ‘ಮನೆಯ ವಸ್ತುವಿನ ಮೇಲೆ ಬಟ್ಟೆ’ ಎಂಬ ಅಗಲವಾದ ಖಾನೆ ಮಾಡಿದರೆ ಎರಡೂ ಅದರೊಳಗೆ ಬೀಳುತ್ತವೆ. ‘ಕನ್ನಡಿಯ ಮೇಲೆ ಬಟ್ಟೆ’ ಎಂದು ಕಿರಿದು ಮಾಡಿದರೆ ಒಂದು ಹೊರಗುಳಿಯುತ್ತದೆ. ಖಾನೆ ಎಷ್ಟು ಅಗಲ ಎನ್ನುವುದನ್ನು ಪ್ರಕರಣಗಳನ್ನು ಓದುವ ಮೊದಲೇ ಬರೆದಿಟ್ಟುಕೊಳ್ಳಬೇಕು, ಓದಿದ ಮೇಲೆ ಹಿಗ್ಗಿಸಬಾರದು.

ವಿಲಿಸ್ಕಾದ ಬಗ್ಗೆ ಮಾತಾಡುವಾಗ ಎಲ್ಲರ ನೆನಪಿಗೂ ಮೊದಲು ಬರುವುದು ಇನ್ನೊಂದು ವಸ್ತು. ಕೆಳಗಿನ ಕೋಣೆಯಲ್ಲಿ ಕೊಡಲಿಯ ಪಕ್ಕ ಗೋಡೆಗೆ ಒರಗಿಸಿಟ್ಟಿದ್ದ ಹಂದಿಮಾಂಸದ ತುಂಡು. ನೂರು ವರ್ಷಗಳಿಂದ ಅದರ ಬಗ್ಗೆ ಊಹೆಗಳಿಗೆ ಕೊನೆಯಿಲ್ಲ. ಸರಣಿ ಜೋಡಿಸುವ ಕೆಲಸಕ್ಕೆ ಅದರಿಂದ ಪ್ರಯೋಜನ ಕಡಿಮೆ, ಯಾಕೆಂದರೆ ಒಂದೇ ಮನೆಯಲ್ಲಿ ಕಂಡ ವಿಚಿತ್ರ ಎಷ್ಟೇ ವಿಚಿತ್ರವಾದರೂ ಇನ್ನೊಂದು ಮನೆಗೆ ಸೇತುವೆ ಆಗದು. ಖಾನೆಯಲ್ಲಿ ಬರೆದಿಡಿ, ಮುಂದೆ ಹೋಗಿ.

ದಾಖಲೆಗಳ ವಿಷಯಕ್ಕೆ ಬರುತ್ತೇನೆ. ಈ ಕೆಲಸದ ಮುಕ್ಕಾಲು ಪಾಲು ಇದೇ.

ಮೊದಲ ದರ್ಜೆಯ ದಾಖಲೆ ಕಾರೊನರ್, ಅಂದರೆ ಅನುಮಾನದ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿ, ನಡೆಸಿದ ವಿಚಾರಣೆಯದು. ವಿಲಿಸ್ಕಾದಲ್ಲಿ ಜೂನ್ 11ರಂದೇ ಪ್ರಮಾಣ ಮಾಡಿಸಿ ಪೆಕ್‌ಹ್ಯಾಮ್, ರಾಸ್ ಮೂರ್, ವೈದ್ಯರು ಮುಂತಾದವರ ಹೇಳಿಕೆ ಪಡೆದರು. ಕೊಡಲಿಯ ಯಾವ ಕಡೆಯಿಂದ ಹೊಡೆದದ್ದು ಎಂಬಂಥ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಕಡೆ. ವಿಲಿಸ್ಕಾದಲ್ಲಿ ಜೊಸಾಯಾ ಅವರನ್ನು ಬಿಟ್ಟು ಉಳಿದವರಿಗೆ ಬಿದ್ದದ್ದು ಅಲಗಿನ ಏಟಲ್ಲ, ಕೊಡಲಿಯ ಹಿಂಬದಿಯ ಏಟು. ಮಹಡಿಯ ಕೋಣೆಗಳ ಚಾವಣಿಯಲ್ಲಿ ಕೊಡಲಿ ಎತ್ತಿದಾಗ ಕೊರೆದ ಗುರುತುಗಳಿದ್ದವು. ಪತ್ರಿಕೆಗಳು ಮಾತ್ರ ಯಾವ ಕೊಡಲಿ ಕೊಲೆಯಾದರೂ ‘ಕೊಚ್ಚಿ ತುಂಡು ಮಾಡಿದರು’ ಎಂಬ ಸಿದ್ಧ ಮಾತನ್ನೇ ಬಳಸುತ್ತಿದ್ದವು. ಪತ್ರಿಕೆ ನಂಬಿ ‘ಅಲಗು’ ಎಂದು ಗುರುತು ಹಾಕಿದರೆ ಸರಣಿಗೆ ಸೇರಬೇಕಾದ ಪ್ರಕರಣ ಹೊರಗೆ ಹೋಗುತ್ತದೆ. ವೈದ್ಯರ ಮಾತಿನಲ್ಲಿ ತಲೆಬುರುಡೆ ‘ಜಜ್ಜಿತ್ತು’ ಎಂದಿದೆಯೋ ‘ಸೀಳಿತ್ತು’ ಎಂದಿದೆಯೋ ಹುಡುಕಿ.

ಪತ್ರಿಕೆ ಬಳಸಲೇಬೇಕಾದಾಗ ಪ್ರಕಟಣೆಯ ತಾರೀಖನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಎಲ್ಸ್‌ವರ್ತ್ ಮನೆಯ ದೀಪದ ವಿಷಯ 1911ರ ಅಕ್ಟೋಬರಿನ ಪತ್ರಿಕೆಯಲ್ಲಿದ್ದರೆ ಅದಕ್ಕೆ ಪೂರ್ತಿ ಬೆಲೆ. ಅದೇ ವಿಷಯ ಮೊದಲ ಸಲ ಕಾಣಿಸುವುದು 1912ರ ಜೂನ್ ನಂತರವಾದರೆ ಬೆಲೆ ಬಹಳ ಇಳಿಯುತ್ತದೆ. ವಿಲಿಸ್ಕಾದ ವಿವರಗಳು ತಂತಿಯ ಮೂಲಕ ದೇಶವೆಲ್ಲ ಹಬ್ಬಿದ ಮೇಲೆ ವರದಿಗಾರ ಹಳೆಯ ಕೊಲೆಯ ನೆರೆಯವರ ಬಳಿ ಹೋಗಿ ‘ಇಲ್ಲೂ ಹಾಗೇ ಇತ್ತಾ?’ ಎಂದು ಕೇಳುತ್ತಾನೆ, ಅವರು ಹೌದು ಎನ್ನುತ್ತಾರೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಸಾಕ್ಷ್ಯ ಕೆಟ್ಟಿತು. ಹಾಗಾಗಿ ಪ್ರತಿ ಲಕ್ಷಣದ ಪಕ್ಕ ಎರಡು ತಾರೀಖು ಬರೆಯಿರಿ: ಕೊಲೆ ನಡೆದದ್ದು, ಲಕ್ಷಣ ಮೊದಲು ಅಚ್ಚಾದದ್ದು.

ಕೊಲೆಯ ತಾರೀಖಿನಲ್ಲೂ ಒಂದು ಗುಂಡಿ ಇದೆ. ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಹೆಣಗಳು ಸಿಕ್ಕಿದ್ದು ಸೆಪ್ಟೆಂಬರ್ 20, ಬುಧವಾರ. ಕೊಲೆ ಆಗಿದ್ದು 17, ಭಾನುವಾರ ರಾತ್ರಿ. ಸಿಕ್ಕಿದ ದಿನವನ್ನೇ ಕೊಲೆಯ ದಿನ ಎಂದು ಬರೆದರೆ ಎಲ್ಸ್‌ವರ್ತ್ ಭಾನುವಾರ, ವಿಲಿಸ್ಕಾ ಭಾನುವಾರ ಎಂಬ ಸಾಲಿನಿಂದ ಇದು ಜಾರಿಹೋಗುತ್ತದೆ. ಮನ್ಮತ್‌ನದು ಶನಿವಾರ ರಾತ್ರಿ. ಪಾವೋಲಾ ಮಾತ್ರ ಬುಧವಾರ, ಅದನ್ನು ಹಾಗೇ ಬಿಡಬೇಕು, ಎಳೆದು ಕೂರಿಸಬಾರದು.

ಪತ್ರಿಕೆ ಹುಡುಕುವವರಿಗೆ ಒಂದು ಕೈಗೆಟುಕುವ ಮಾತು. ಅಮೆರಿಕದ ಪತ್ರಿಕೆಗಳು ಕೊಡಲಿಯನ್ನು ಎ-ಎಕ್ಸ್ ಎಂದೂ ಬರೆದವು, ಎ-ಎಕ್ಸ್-ಇ ಎಂದೂ ಬರೆದವು. ಯಂತ್ರ ಓದಿದ ಹಳೆಯ ಅಚ್ಚಿನಲ್ಲಿ ಎರಡಕ್ಷರದ ಪದ ಸುಲಭವಾಗಿ ಕಳೆದುಹೋಗುತ್ತದೆ. ಆದ್ದರಿಂದ ಆಯುಧದ ಹೆಸರಿನಿಂದ ಹುಡುಕಬೇಡಿ. ಮನೆತನದ ಹೆಸರು, ಜಿಲ್ಲೆ, ‘ಇಡೀ ಕುಟುಂಬ’ ಎಂಬ ಪದಗುಚ್ಛ ಇವುಗಳಿಂದ ಹುಡುಕಿ, ಕೊಲೆಯಾದ ದಿನದಿಂದ ಎರಡು ವಾರ ದಿನಕ್ಕೊಂದು ಸಂಚಿಕೆ ಓದಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹ ಉಚಿತವಾಗಿ ಸಿಗುತ್ತದೆ. ಮನೆ ಹಳಿಗೆ ಎಷ್ಟು ದೂರ ಎಂದು ತಿಳಿಯಲು ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಗಳಿವೆ, ಸಾಮಾನ್ಯವಾಗಿ ಒಂದು ಇಂಚಿಗೆ 50 ಅಡಿ. ಸಣ್ಣ ಊರುಗಳಲ್ಲಿ ಅವು ಪೇಟೆಯ ಭಾಗವನ್ನಷ್ಟೇ ತೋರಿಸಿ, ಊರಂಚಿನ ಮನೆಗಳನ್ನು ಬಿಟ್ಟಿರುತ್ತವೆ. ಕೊಲೆಯಾದ ಮನೆಯ ದೂರ ಅಳೆದರೆ ಅರ್ಧ ಕೆಲಸ. ಅದೇ ಊರಿನ ಉಳಿದ ಮನೆಗಳ ದೂರವನ್ನೂ ಅಳೆದು, ಅವುಗಳಲ್ಲಿ ಎಷ್ಟು ಮನೆ ಅಷ್ಟೇ ಹತ್ತಿರ ಇದ್ದವು ಎಂದು ನೋಡಿದಾಗಲೇ ‘ಹತ್ತಿರ’ ಎಂಬ ಪದಕ್ಕೆ ಅರ್ಥ.

ಇಷ್ಟಾದ ಮೇಲೆ ಕೋಷ್ಟಕ. ಪ್ರತಿ ಪ್ರಕರಣಕ್ಕೆ ಒಂದು ಸಾಲು, ಪ್ರತಿ ಲಕ್ಷಣಕ್ಕೆ ಒಂದು ಖಾನೆ. ಖಾನೆಯೊಳಗೆ ‘ಇತ್ತು’, ‘ಇರಲಿಲ್ಲ’, ‘ಹೇಳಿಲ್ಲ’ ಎಂಬ ಮೂರೇ ಮಾತು. ಇಲ್ಲಿ ಬಹಳ ಜನ ಎಡವುತ್ತಾರೆ. ಪಾವೋಲಾ ವರದಿಯಲ್ಲಿ ಕನ್ನಡಿಯ ಪ್ರಸ್ತಾಪ ಇಲ್ಲದಿದ್ದರೆ ಕನ್ನಡಿ ಮುಚ್ಚಿರಲಿಲ್ಲ ಎಂದು ಅರ್ಥವಲ್ಲ. ಮುಚ್ಚಿತ್ತು, ವರದಿಗಾರ ಬಿಟ್ಟ ಎಂದೂ ಅಲ್ಲ. ‘ಹೇಳಿಲ್ಲ’ ಎಂದಷ್ಟೇ. ಆ ಖಾನೆಯಿಂದ ಯಾವ ಕಡೆಗೂ ತೂಕ ಬೀಳಬಾರದು. ಕೋಷ್ಟಕವನ್ನು ಇಬ್ಬರು ಬೇರೆಬೇರೆಯಾಗಿ ತುಂಬಲಿ. ಅವರಲ್ಲಿ ಒಬ್ಬರಿಗಾದರೂ ನಿಮ್ಮ ಶಂಕಿತನ ಹೆಸರು ಗೊತ್ತಿರಬಾರದು. ಇಬ್ಬರ ಉತ್ತರ ಬೇರೆಯಾದ ಖಾನೆಗಳನ್ನು ಗುರುತು ಮಾಡಿ. ಸಾಮಾನ್ಯವಾಗಿ ಅಲ್ಲೇ ನಿಮ್ಮ ಮೆಚ್ಚಿನ ಹೋಲಿಕೆ ಕೂತಿರುತ್ತದೆ.

ಪಟ್ಟಿಯಲ್ಲಿ ಮನ್ಮತ್ ಹೇಗೆ ನಿಲ್ಲುತ್ತದೆ ನೋಡಿ. ಅಲ್ಲಿನ ಆಯುಧ ಕೊಡಲಿ ಅಲ್ಲ, ಕಬ್ಬಿಣದ ಕೊಳವೆ. ಇದರಿಂದಲೇ ಅದನ್ನು ತೆಗೆದುಹಾಕಬೇಕೇ? ಬೇಕಿಲ್ಲ. ಕೈಗೆ ಸಿಕ್ಕಿದ್ದನ್ನು ಬಳಸುವವನ ಆಯುಧ ಬದಲಾಗುತ್ತದೆ. ಆದರೆ ‘ಆಯುಧ ಬೇರೆ, ಆದರೂ ಅವನೇ’ ಎಂದು ಇಲ್ಲಿ, ‘ಆಯುಧ ಒಂದೇ, ಆದ್ದರಿಂದ ಅವನೇ’ ಎಂದು ಅಲ್ಲಿ ಹೇಳುವಂತಿಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಿ.

ದೂರ ಮತ್ತು ಸಮಯದ ಪರೀಕ್ಷೆಯನ್ನು ಬೇಗ ಮುಗಿಸಬಹುದು. ಕೊಲರಾಡೋ ಸ್ಪ್ರಿಂಗ್ಸ್‌ನಿಂದ ಮನ್ಮತ್‌ಗೆ ನೇರ ದೂರ ಸುಮಾರು 1,230 ಕಿ.ಮೀ., ಮಧ್ಯೆ 13 ದಿನ. ಮನ್ಮತ್‌ನಿಂದ ಎಲ್ಸ್‌ವರ್ತ್ ಸುಮಾರು 690, ಮಧ್ಯೆ 15 ದಿನ. ಪಾವೋಲಾದಿಂದ ವಿಲಿಸ್ಕಾ ಸುಮಾರು 260, ನಾಲ್ಕು ದಿನ. ಮನ್ಮತ್ ಮತ್ತು ವಿಲಿಸ್ಕಾ ಎರಡೂ ಚಿಕಾಗೋ, ಬರ್ಲಿಂಗ್ಟನ್ ಅಂಡ್ ಕ್ವಿನ್ಸಿ ರೈಲುಮಾರ್ಗದ ಮೇಲಿವೆ. ಗೂಡ್ಸ್ ಗಾಡಿ ಹತ್ತಿಕೊಂಡು ಹೋಗುವವನಿಗೂ ಸಮಯ ಧಾರಾಳ. ಆದರೆ ಅಷ್ಟು ಸಮಯದಲ್ಲಿ ಯಾರು ಬೇಕಾದರೂ ಹೋಗಬಹುದಿತ್ತು. ಈ ಪರೀಕ್ಷೆಗೆ ಒಬ್ಬನನ್ನು ಹೊರಗಿಡುವ ಶಕ್ತಿ ಇದೆ, ಒಳಗೆ ತರುವ ಶಕ್ತಿ ಇಲ್ಲ.

ಹೊರಗಿಡುವುದಕ್ಕೆ ಒಳ್ಳೆಯ ಉದಾಹರಣೆ ವಿಲಿಯಂ ಮ್ಯಾನ್ಸ್‌ಫೀಲ್ಡ್. 1916ರಲ್ಲಿ ವಿಲ್ಕರ್ಸನ್ ಎಂಬ ಖಾಸಗಿ ಪತ್ತೇದಾರ, ವಿಲಿಸ್ಕಾ, ಪಾವೋಲಾ ಎಲ್ಲವೂ ಇವನದೇ ಕೆಲಸ ಎಂದು ಸಾಧಿಸಲು ಹೊರಟ. ಬಂಧನವೂ ಆಯಿತು. ಆಮೇಲೆ ಕೂಲಿಯ ಹಾಜರಿ-ಸಂಬಳದ ಲೆಕ್ಕ ತೆಗೆದು ನೋಡಿದರೆ, ವಿಲಿಸ್ಕಾ ಕೊಲೆಯ ಹೊತ್ತಿಗೆ ಆತ ಇಲಿನಾಯ್‌ನಲ್ಲಿ ಕೆಲಸದಲ್ಲಿದ್ದ. ಬಿಟ್ಟುಕಳಿಸಿದರು. ಒಂದು ಸಂಬಳದ ಪಟ್ಟಿ ಅಷ್ಟೂ ಹೋಲಿಕೆಗಳನ್ನು ಮುಗಿಸಿತು. ಆದ್ದರಿಂದ ಹೆಸರು ಕೈಗೆ ಬಂದ ದಿನ ಮೊದಲು ಹುಡುಕಬೇಕಾದದ್ದು ಅವನು ಅಲ್ಲಿರಲಿಲ್ಲ ಎಂದು ಹೇಳಬಲ್ಲ ಕಾಗದ: ಜೈಲು, ಆಸ್ಪತ್ರೆ, ಸೈನ್ಯ, ಸಂಬಳ.

ತಪ್ಪೊಪ್ಪಿಗೆಯಂತೂ ಕಾಗದಕ್ಕಿಂತ ಬಲಹೀನ. ಪಾದ್ರಿ ಜಾರ್ಜ್ ಕೆಲ್ಲಿ 1917ರಲ್ಲಿ ದೀರ್ಘ ವಿಚಾರಣೆಯ ನಂತರ ವಿಲಿಸ್ಕಾ ಕೊಲೆ ಒಪ್ಪಿಕೊಂಡ, ಆಮೇಲೆ ಹಿಂತೆಗೆದುಕೊಂಡ. ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಎರಡನೆಯದು ಅದೇ ವರ್ಷ ಖುಲಾಸೆ ಮಾಡಿತು. ಲೂಸಿಯಾನಾದ ಕ್ಲೆಮೆಂಟೈನ್ ಬಾರ್ನಬೆಟ್ ಪ್ರಕರಣ ಇನ್ನೂ ಕಲಿಸುತ್ತದೆ. 1911ರ ಆಸುಪಾಸಿನಲ್ಲಿ ಲೂಸಿಯಾನಾ, ಟೆಕ್ಸಸ್‌ಗಳ ರೈಲುಮಾರ್ಗದ ಊರುಗಳಲ್ಲಿ ಕಪ್ಪುವರ್ಣೀಯ ಕುಟುಂಬಗಳನ್ನು ಕೊಡಲಿಯಿಂದ ಕೊಂದ ಇನ್ನೊಂದು ಸರಣಿ ನಡೆಯಿತು. 1911ರ ನವೆಂಬರಿನಲ್ಲಿ ಬಾರ್ನಬೆಟ್ ಸೆರೆಯಾದಳು, ಹಲವು ಕೊಲೆ ಒಪ್ಪಿಕೊಂಡಳು. ಆದರೆ ಅವಳು ಜೈಲಿನಲ್ಲಿದ್ದಾಗಲೇ 1912ರ ಜನವರಿಯಲ್ಲಿ ಲೇಕ್ ಚಾರ್ಲ್ಸ್‌ನ ಬ್ರೂಸಾರ್ಡ್ ಕುಟುಂಬದ ಹತ್ಯೆಯಾಯಿತು. ಅಲ್ಲಿ ಬೈಬಲ್ ಧಾಟಿಯ ಬರಹವೂ ಸಿಕ್ಕಿತು. ಕಾಲ ಒಂದೇ, ಆಯುಧ ಒಂದೇ, ರೈಲು ಹಳಿ ಒಂದೇ ಎಂದು ಇದನ್ನು ವಿಲಿಸ್ಕಾ ಸಾಲಿಗೆ ಸುರಿದರೆ ಎರಡೂ ಕೆಡುತ್ತವೆ. ಬಲಿಯಾದವರು ಯಾರು, ಹಿಂದೆ ಏನು ಬಿಟ್ಟುಹೋದರು ಎಂಬುದು ಇಲ್ಲಿ ಬೇರೆ ದಾರಿ ತೋರಿಸುತ್ತದೆ. ಈ ಕುಟುಂಬಗಳ ಬಗ್ಗೆ ಬಿಳಿಯರ ಪತ್ರಿಕೆಗಳು ಎಷ್ಟೋ ಸಲ ಕೆಲವೇ ಸಾಲು ಬರೆದು ಮುಗಿಸಿದವು. ಹಾಗಾಗಿ ಕೋಷ್ಟಕದಲ್ಲಿ ಇವರ ಸಾಲುಗಳಲ್ಲೇ ‘ಹೇಳಿಲ್ಲ’ ಹೆಚ್ಚು. ಅದು ಹಂತಕನ ಗುಣವಲ್ಲ, ಪತ್ರಿಕೆಗಳ ಗುಣ.

ಹೆಸರಿಗೆ ಈಗ ಬರೋಣ. ಮೆಕ್ಲಾಫ್ರಿ ಹಿಡಿದ ಹೆಸರು ಹೆನ್ರಿ ಲೀ ಮೂರ್. ವಿಲಿಸ್ಕಾದ ಮೂರ್‌ಗಳಿಗೂ ಇವನಿಗೂ ನಂಟಿಲ್ಲ. 1911ರ ಏಪ್ರಿಲಿನಲ್ಲಿ ಕ್ಯಾನ್ಸಸ್‌ನ ಸುಧಾರಣಾ ಜೈಲಿನಿಂದ ಹೊರಬಂದವನು, 1912ರ ಡಿಸೆಂಬರಿನಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಸ್ವಂತ ತಾಯಿ ಮತ್ತು ಅಜ್ಜಿಯನ್ನು ಕೊಡಲಿಯಿಂದ ಕೊಂದ. ತಾರೀಖುಗಳು ಬಹಳ ಚೆನ್ನಾಗಿ ಹೊಂದುತ್ತವೆ. ಆದರೆ ಅವನ ಮೇಲೆ ಸಾಬೀತಾದದ್ದು ತನ್ನವರನ್ನೇ, ತನ್ನ ಊರಲ್ಲೇ, ಹೆಸರು ಗೊತ್ತಿರುವಂತೆ ಮಾಡಿದ ಕೊಲೆ. ಪಟ್ಟಿಯ ಐದು ಊರುಗಳ ಕೊಲೆಗಾರ ಗುರುತಿಲ್ಲದ ಮನೆಗೆ ನುಗ್ಗಿ ಗುರುತಿಲ್ಲದೆ ಹೋದವನು. ಈ ಅಂತರವನ್ನು ತಾರೀಖು ತುಂಬಲಾರದು.

ಇನ್ನೊಂದು ಹೆಸರು ಪಾಲ್ ಮ್ಯೂಲರ್. ಜರ್ಮನಿಯಿಂದ ಬಂದ ಹೊಲದ ಕೂಲಿಯಾಳು. 1898ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಬ್ರೂಕ್‌ಫೀಲ್ಡ್‌ನಲ್ಲಿ ತನ್ನ ಯಜಮಾನ ನ್ಯೂಟನ್, ಅವರ ಹೆಂಡತಿ, ಮಗಳು ಮೂವರೂ ಕೊಲೆಯಾದಾಗ ನಾಪತ್ತೆಯಾದ, ಮತ್ತೆ ಸಿಗಲಿಲ್ಲ. ಬೇಸ್‌ಬಾಲ್ ಅಂಕಿಅಂಶಗಳ ವಿಶ್ಲೇಷಣೆಯಿಂದ ಹೆಸರಾದ ಬಿಲ್ ಜೇಮ್ಸ್ ತಮ್ಮ ಮಗಳ ಜೊತೆ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 1898ರಿಂದ 1912ರವರೆಗಿನ ಹತ್ತಾರು ಕುಟುಂಬ ಹತ್ಯೆಗಳನ್ನು ಸಾಲಾಗಿಟ್ಟು ಮ್ಯೂಲರ್ ಹೆಸರು ಮುಂದಿಟ್ಟರು. ಅವರ ದಾರಿಯಲ್ಲಿ ಮೆಚ್ಚಬೇಕಾದ್ದು, ಪ್ರಕರಣಗಳನ್ನು ಮೊದಲು ಜೋಡಿಸಿ, ಹಿಂದಕ್ಕೆ ಹೋಗಿ, ಮೊದಲ ಕೊಲೆಯಲ್ಲಿ ಹಂತಕ ಪರಿಚಿತನಿರಬೇಕು ಎಂದು ಹುಡುಕಿದ್ದು. ನನ್ನ ತೂಕದಲ್ಲಿ 1911-12ರ ಗುಂಪು ಗಟ್ಟಿ, ಹಿಂದಕ್ಕೆ ಹೋದಂತೆ ಎಳೆ ತೆಳುವಾಗುತ್ತದೆ. 1898ಕ್ಕೆ ತಲುಪುವ ಕೊನೆಯ ಕೊಂಡಿಯಂತೂ ಕೃತ್ಯದ ರೀತಿಯ ಮೇಲಷ್ಟೇ ನಿಂತಿದೆ. ಬವೇರಿಯಾದ ಹಿಂಟರ್‌ಕೈಫೆಕ್ ತೋಟದ ಮನೆಯಲ್ಲಿ 1922ರ ಮಾರ್ಚ್ 31ರಂದು ಆರು ಜನರನ್ನು ಗುದ್ದಲಿಯಂಥ ಉಪಕರಣದಿಂದ ಕೊಂದದ್ದನ್ನೂ ಇವನಿಗೆ ಅಂಟಿಸುವ ಮಾತಿದೆ. ಹತ್ತು ವರ್ಷದ ಅಂತರ, ಮಧ್ಯೆ ಒಂದು ಸಾಗರ, ಒಂದು ಮಹಾಯುದ್ಧ. ಅದನ್ನು ಪಟ್ಟಿಯ ಹೊರಗಿಡುವುದೇ ಸರಿ.

ನೂರು ವರ್ಷದ ಹಿಂದಿನ ಹೆಣಗಳಿಗೆ ಇಷ್ಟು ಕಟ್ಟುನಿಟ್ಟು ಯಾಕೆ ಎಂದು ಕೇಳುವವರಿಗೆ 1906ರ ಜುಲೈನ ಲೈಯರ್ಲಿ ಪ್ರಕರಣ ತೋರಿಸಬೇಕು. ಉತ್ತರ ಕೆರೊಲಿನಾದ ರೋವನ್ ಜಿಲ್ಲೆಯಲ್ಲಿ ರೈಲು ಜಂಕ್ಷನ್ ಒಂದರ ಹತ್ತಿರ ಐಸಾಕ್ ಲೈಯರ್ಲಿ, ಹೆಂಡತಿ, ಇಬ್ಬರು ಮಕ್ಕಳು ರಾತ್ರಿ ಕೊಡಲಿಗೆ ಬಲಿಯಾದರು. ಸುತ್ತಮುತ್ತಲಿನ ಕಪ್ಪುವರ್ಣೀಯರನ್ನು ಹಿಡಿದರು. ಆಗಸ್ಟ್ 6ರಂದು ಸಾಲ್ಸ್‌ಬರಿ ಜೈಲಿಗೆ ಗುಂಪು ನುಗ್ಗಿ ನೀಸ್ ಗಿಲೆಸ್ಪಿ, ಜಾನ್ ಗಿಲೆಸ್ಪಿ, ಜ್ಯಾಕ್ ಡಿಲಿಂಗ್‌ಹ್ಯಾಮ್ ಮೂವರನ್ನು ಎಳೆದೊಯ್ದು ಕೊಂದಿತು. ಜೇಮ್ಸ್ ಈ ಮನೆಯನ್ನು ತಮ್ಮ ಸರಣಿಗೆ ಸೇರಿಸುತ್ತಾರೆ. ಆ ಜೋಡಣೆ ಸರಿಯಾದರೆ ಆ ಮೂವರ ಹೆಸರನ್ನು ದಾಖಲೆಯಲ್ಲಿ ಬೇರೆಯಾಗಿ ಓದಬೇಕಾಗುತ್ತದೆ. ಅವಸರದಲ್ಲಿ ಜೋಡಿಸಿದರೆ ಆ ಓದನ್ನು ಯಾರೂ ನಂಬುವುದಿಲ್ಲ.

ವಿಲಿಸ್ಕಾ ಮನೆಯಿಂದ ಭೌತಿಕ ಸಾಕ್ಷ್ಯವನ್ನು ನಿರೀಕ್ಷಿಸುವಂತಿಲ್ಲ. ಬೆರಳಚ್ಚಿನ ಸಾಕ್ಷ್ಯವನ್ನು ಇಲಿನಾಯ್‌ನ ಸುಪ್ರೀಂ ಕೋರ್ಟು 1911ರ ಡಿಸೆಂಬರಿನಲ್ಲೇ ಜೆನ್ನಿಂಗ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿತ್ತು, ಆದ್ದರಿಂದ ಆರು ತಿಂಗಳ ನಂತರದ ಈ ಮನೆಯ ದೀಪ, ಬುರುಡೆ, ಕೊಡಲಿಯ ಕಾವು ಎಲ್ಲಕ್ಕೂ ಬೆಲೆ ಇತ್ತು. ಆದರೆ ನ್ಯಾಷನಲ್ ಗಾರ್ಡ್ ಬಂದು ಸುತ್ತುವರಿಯುವ ಹೊತ್ತಿಗೆ ಊರಿನ ಜನ ಗುಂಪುಗುಂಪಾಗಿ ಒಳಗೆ ಹೊಕ್ಕು, ಕೋಣೆಗಳಲ್ಲೆಲ್ಲ ಓಡಾಡಿ ಹೋಗಿದ್ದರು. ಫೋಟೋ ತೆಗೆಯಲು ಕ್ಯಾಮೆರಾ ತಂದ ಔಷಧಿ ಅಂಗಡಿಯವರನ್ನು ಹೊರಗೆ ಹಾಕಿದರು. ಹೀಗಾಗಿ ನಮ್ಮ ಕೈಯಲ್ಲಿರುವುದು ಕಾಗದ ಮಾತ್ರ. ಮುಂದೆ ಕೆಲಸ ಮಾಡುವವರು ಮ್ಯೂಲರ್ ಹೆಸರಿನಿಂದ ಶುರು ಮಾಡುವುದಾದರೆ ಅದನ್ನು ಮುಲ್ಲರ್, ಮಿಲ್ಲರ್ ಎಂದೂ ಹುಡುಕಬೇಕು, 1898ರಿಂದ 1912ರವರೆಗಿನ ಜೈಲು ದಾಖಲಾತಿ ಪುಸ್ತಕಗಳನ್ನು ಮೊದಲು ತೆರೆಯಬೇಕು. ಸರಣಿಯ ಯಾವುದಾದರೂ ಒಂದು ರಾತ್ರಿ ಅವನು ಸರಳಿನ ಹಿಂದೆ ಇದ್ದ ಎಂದು ತೋರಿಸುವ ಒಂದೇ ಒಂದು ಸಾಲು ಸಿಕ್ಕರೂ, ಆ ರಾತ್ರಿಯ ಮನೆಯನ್ನು ಪಟ್ಟಿಯಿಂದ ತೆಗೆಯಬೇಕೋ ಅವನ ಹೆಸರನ್ನು ತೆಗೆಯಬೇಕೋ ಎಂದು ಕೋಷ್ಟಕದ ಆ ಸಾಲನ್ನು ನೋಡಿ ತೀರ್ಮಾನಿಸಬಹುದು.